ಫ್ಯಾನು, ಕಂಡೆನ್ಸರು ಮತ್ತು ಪಾರಿವಾಳದ ಹಿಕ್ಕೆ

ಮೇಷ್ಟ್ರ ಮನೆಯ ಫ್ಯಾನು ಕೆಟ್ಟಿತ್ತು. ನಮ್ಮ ಮೆಕ್ಯಾನಿಕ್ ಗೆಳೆಯ ಸ್ಟೂಲು ಹತ್ತಿದ್ದ. ಸ್ಟೂಲು ಹಿಡಿಯುವ ಕೆಲಸ ನನ್ನದು. ಮೇಷ್ಟ್ರದು ಎಂದಿನಂತೆ ಪಾಠ.

"ಮೊದಲು ಹುಟ್ಟೋದು ವಿಜ್ಞಾನ. ಯಂತ್ರ, ನಿನ್ನ ಸ್ಕ್ರೂಡ್ರೈವರ್ ಎಲ್ಲ ಆಮೇಲೆ ಕಣಯ್ಯ."

"ಸುಮ್ನಿರಿ ಮೇಷ್ಟ್ರೇ. ಹಬೆ ಎಂಜಿನ್ ಮಾಡಿದ ನ್ಯೂಕೊಮೆನ್ ಕಬ್ಬಿಣದ ಸಾಮಾನು ಮಾರುತ್ತಿದ್ದವನು. 1712ರಲ್ಲೇ ಗಣಿಯ ನೀರು ಎತ್ತಿಸಿದ. ಶಾಖದಿಂದ ಕೆಲಸ ಹೇಗೆ ಹುಟ್ಟುತ್ತೆ ಅಂತ ಕಾರ್ನೋ ಪುಸ್ತಕ ಬರೆದದ್ದು 1824ರಲ್ಲಿ. 112 ವರ್ಷ ಲೇಟು!"

"ನಡುವೆ ಜೇಮ್ಸ್ ವ್ಯಾಟ್ ಇದ್ದಾನಲ್ಲ," ಎಂದರು ಮೇಷ್ಟ್ರು. "ಹಬೆ ಎಂಜಿನ್ನಿಗೇ 1769ರಲ್ಲಿ ಪ್ರತ್ಯೇಕ ಕಂಡೆನ್ಸರ್‌ಗೆ ಪೇಟೆಂಟ್ ಪಡೆದ."

"ಈ ಫ್ಯಾನಿಂದೂ ಅದೇ ಹೋಗಿರೋದು ಅಲ್ವಾ?" ಎಂದೆ. ಇಬ್ಬರೂ ನನ್ನನ್ನೇ ನೋಡಿದರು. ಅದು ಹಬೆಯನ್ನು ತಣಿಸಿ ನೀರು ಮಾಡುವುದಂತೆ. ಇದು ಕರೆಂಟಿನದಂತೆ. ಮತ್ತೆ ಸ್ಟೂಲು ಹಿಡಿದೆ.

"ಫ್ರಾನ್ಸಿನ ಅಪೇರ್ ಅಡುಗೆಯವನು," ಮೆಕ್ಯಾನಿಕ್ ಬಿಡಲಿಲ್ಲ. "ಊಟವನ್ನು ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಕುದಿಸಿ ಇಟ್ಟ. ತಿಂಗಳುಗಟ್ಟಲೆ ಕೆಡಲಿಲ್ಲ. 1810ರಲ್ಲಿ ಸರ್ಕಾರ ಬಹುಮಾನವನ್ನೂ ಕೊಟ್ಟಿತು. ಯಾಕೆ ಕೆಡಲಿಲ್ಲ ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವನಿಗೂ ಗೊತ್ತಿಲ್ಲ! ಸೂಕ್ಷ್ಮಜೀವಿಗಳ ಕಥೆ ಪಾಶ್ಚರ್ ಬಿಡಿಸಿ ಹೇಳುವಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "1865ರಲ್ಲಿ ಮ್ಯಾಕ್ಸ್‌ವೆಲ್ ಬರೀ ಲೆಕ್ಕ ಹಾಕಿ, ಬೆಳಕೇ ಒಂದು ವಿದ್ಯುತ್ಕಾಂತೀಯ ಅಲೆ ಅಂದ. ಇಪ್ಪತ್ತು ವರ್ಷ ದಾಟಿದ ಮೇಲೆ ಹರ್ಟ್ಸ್ ಅಂಥ ಅಲೆಗಳನ್ನು ಎಬ್ಬಿಸಿ ತೋರಿಸಿದ. ನಿನ್ನ ಜೇಬಿನ ಮೊಬೈಲು ಆ ಲೆಕ್ಕದ ಮೊಮ್ಮಗು!"

ಇದಕ್ಕೆ ಮೆಕ್ಯಾನಿಕ್ ಒಂದು ಕ್ಷಣ ತೆಪ್ಪಗಾದ. ಆಮೇಲೆ ಪಾರಿವಾಳ ಹಾರಿಸಿದ.

"ಅದೇ ಅಲೆ ಹಿಡಿಯೋ ದೊಡ್ಡ ಆಂಟೆನಾ. 1964ರಲ್ಲಿ ಪೆಂಜಿಯಾಸ್, ವಿಲ್ಸನ್ ಯಾವ ಕಡೆ ತಿರುಗಿಸಿದರೂ ಒಂದೇ ಗೊರಗೊರ. ಒಳಗೆ ಪಾರಿವಾಳ ಗೂಡು ಕಟ್ಟಿದ್ದವು. ಹಿಕ್ಕೆ ಉಜ್ಜಿ ತೆಗೆದರು. ಸದ್ದು ಹೋಗಲಿಲ್ಲ. ಕೊನೆಗೆ ನೋಡಿದರೆ, ವಿಶ್ವದ ಬಾಲ್ಯದಿಂದ ಉಳಿದ ಬಿಸಿ ಅದು! 1978ರಲ್ಲಿ ನೊಬೆಲ್ ಬಂತು."

"ಪಾರಿವಾಳಕ್ಕಾ?" ಎಂದೆ. ಯಾರೂ ಉತ್ತರಿಸಲಿಲ್ಲ.

ಅಷ್ಟರಲ್ಲಿ ಫ್ಯಾನು ತಿರುಗಿತು. ಮೆಕ್ಯಾನಿಕ್ ಗೆದ್ದವನಂತೆ ಕೆಳಗಿಳಿದ. ಕೆಳಗೆ ಮಾತ್ರ ಗಾಳಿಯೇ ಇಲ್ಲ.

"ಉಲ್ಟಾ ತಿರುಗ್ತಿದೆ," ಎಂದರು ಮೇಷ್ಟ್ರು. "ಕಂಡೆನ್ಸರ್ ವೈರು ಅದಲುಬದಲಾಗಿದೆ."

"ಮೊದಲೇ ಹೇಳಬಾರದಿತ್ತಾ?"

"ಪಾಠ ಇನ್ನೂ ಅಲ್ಲಿಗೆ ಬಂದಿರಲಿಲ್ಲ."

ನಾನು ಮತ್ತೆ ಸ್ಟೂಲು ಹಿಡಿದೆ.