ಸನ್ಹೇರೀಬನ ಮುತ್ತಿಗೆ: ಸತ್ಯವೇದದ ವೃತ್ತಾಂತವನ್ನು ಚರಿತ್ರೆಯೆಂದು ನಂಬಲು ಆಧಾರವೇನು?

ಸಂಡೇ ಸ್ಕೂಲ್ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯಲ್ಲಿ ಹತ್ತನೆಯ ತರಗತಿ ಮತ್ತು ಪಿಯುಸಿ ಓದುವ ಮಕ್ಕಳಿಗೆ ಭಾನುವಾರದ ಪಾಠ ಮಾಡುತ್ತೇನೆ. ಕಳೆದ ವಾರ ಅರಸುಗಳು ಎರಡನೆಯ ಭಾಗದ 18 ಮತ್ತು 19ನೆಯ ಅಧ್ಯಾಯಗಳನ್ನು, ಅಂದರೆ ಯೆಹೂದದ ಅರಸ ಹಿಜ್ಕೀಯನ ಕಾಲದಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದ ಪ್ರಸಂಗವನ್ನು ಓದುತ್ತಿದ್ದಾಗ ಒಬ್ಬ ಹುಡುಗ, "ಮಿಸ್, ಇದು ನಡೆಯಿತು ಅನ್ನೋದಕ್ಕೆ ಈ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಇದೆಯಾ?" ಎಂದು ಕೇಳಿದ. ಇದು ದೇವರ ವಾಕ್ಯ, ಆದ್ದರಿಂದ ಸತ್ಯ ಎಂಬ ಉತ್ತರ ನನಗೆ ಸಾಕು. ಅವನಿಗೆ ಸಾಲದು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಕಡೆ ಉತ್ಖನನಗಳು ಎಲ್ಲವನ್ನೂ ರುಜುವಾತು ಮಾಡಿವೆ ಎನ್ನುವವರು, ಇನ್ನೊಂದು ಕಡೆ ಎಲ್ಲವೂ ಕಟ್ಟುಕತೆ ಎನ್ನುವವರು. ಮುಂದಿನ ಭಾನುವಾರ ಅವನಿಗೆ ಧೈರ್ಯವಾಗಿ ಹೇಳಬಹುದಾದದ್ದು ಏನಿದೆ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಶಾಸನಾಸಕ್ತ

ಮೇಡಂ, ನಿಮ್ಮ ವಿದ್ಯಾರ್ಥಿ ಬಹಳ ಒಳ್ಳೆಯ ಪ್ರಸಂಗವನ್ನೇ ಹಿಡಿದಿದ್ದಾನೆ. ಹಳೆಯ ಒಡಂಬಡಿಕೆಯಲ್ಲಿ ಎದುರಾಳಿಯ ಸ್ವಂತ ದಾಖಲೆಯೊಂದಿಗೆ ಇಷ್ಟು ವಿವರವಾಗಿ ಹೋಲಿಸಿ ನೋಡಬಹುದಾದ ಘಟನೆಗಳು ಹೆಚ್ಚಿಲ್ಲ.

ಕ್ರಿ.ಪೂ. 701ರ ಈ ದಂಡಯಾತ್ರೆಯನ್ನು ಸನ್ಹೇರೀಬನು ತಾನೇ ಬರೆಯಿಸಿದ್ದಾನೆ. 1830ರಲ್ಲಿ ಅಶ್ಶೂರದ ರಾಜಧಾನಿ ನಿನೆವೆಯಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆರು ಮುಖಗಳ ಜೇಡಿಮಣ್ಣಿನ ಸ್ತಂಭವೊಂದು, ಸುಮಾರು ಒಂದು ಮೊಳದಷ್ಟೇ ಎತ್ತರದ್ದು, ಈ ವೃತ್ತಾಂತವನ್ನು ಹೇಳುತ್ತದೆ. ಯೆಹೂದದ 46 ಕೋಟೆಯ ಪಟ್ಟಣಗಳನ್ನು ಹಿಡಿದೆನೆಂದೂ, ಹಿಜ್ಕೀಯನನ್ನು ಅವನ ರಾಜಧಾನಿ ಯೆರೂಸಲೇಮಿನಲ್ಲೇ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ, 30 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ ಸೇರಿದಂತೆ ಕಪ್ಪ ಪಡೆದೆನೆಂದೂ ಅದರಲ್ಲಿದೆ. ಸತ್ಯವೇದದಲ್ಲಿಯೂ ಪಟ್ಟಣಗಳು ಬಿದ್ದವು, ಬಂಗಾರ 30 ತಲಾಂತೇ, ಯೆರೂಸಲೇಮ್ ಮಾತ್ರ ಬೀಳಲಿಲ್ಲ.

ಇಲ್ಲಿ ನಮ್ಮ ನಾಡಿನ ಶಾಸನಗಳನ್ನು ಓದಿದ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯ ಸೇನೆ ಎಬ್ಬಿಸಿದ ಧೂಳಿನಲ್ಲಿ ಮಸುಕಾದ ಪಲ್ಲವ ದೊರೆ ಕಾಂಚಿಯ ಕೋಟೆಯ ಗೋಡೆಯ ಹಿಂದೆ ಮರೆಯಾದನೆಂದು ಹೊಗಳುತ್ತಾನೆ. ಕಾಂಚಿಯನ್ನು ಹಿಡಿದಿದ್ದರೆ ಅಷ್ಟು ದೊಡ್ಡ ಕವಿ ಗೋಡೆಯ ಹಿಂದೆ ಅಡಗಿದ ಮಾತಿಗೆ ತೃಪ್ತಿಪಡುತ್ತಿರಲಿಲ್ಲ. ಪಂಜರದ ಹಕ್ಕಿಯ ಮಾತೂ ಇದೇ ಜಾತಿಯದು. ಬೇರೆ ಪಟ್ಟಣಗಳನ್ನು ಹಿಡಿದೆ, ಕೊಳ್ಳೆ ಹೊಡೆದೆ ಎಂದು ಲೆಕ್ಕ ಕೊಡುವ ಅರಸನು ರಾಜಧಾನಿಯ ವಿಷಯ ಬಂದಾಗ ಉಪಮೆಯ ಮೊರೆ ಹೋಗುತ್ತಾನೆ.

ಇನ್ನು ಯೆಹೂದದ ಕೋಟೆಯ ಪಟ್ಟಣ ಲಾಕೀಷ್. ಸನ್ಹೇರೀಬನು ಅಲ್ಲಿ ಬೀಡುಬಿಟ್ಟಿದ್ದಾಗ ಹಿಜ್ಕೀಯನು ದೂತರನ್ನು ಕಳುಹಿಸಿದನೆಂದು 18:14 ಹೇಳುತ್ತದೆ. ಆ ಮಣ್ಣಿನ ಸ್ತಂಭದಲ್ಲಿ ಲಾಕೀಷಿನ ಹೆಸರೇ ಇಲ್ಲ. ಆದರೆ ನಿನೆವೆಯ ಅವನ ಅರಮನೆಯ ಗೋಡೆಗಳ ಮೇಲೆ ಅದರ ಮುತ್ತಿಗೆಯನ್ನು ಉಬ್ಬುಶಿಲ್ಪಗಳಲ್ಲಿ ಕೆತ್ತಿಸಿದ್ದಾರೆ. ಸಿಂಹಾಸನದಲ್ಲಿ ಕುಳಿತ ಅರಸ, ಅವನ ಮುಂದೆ ಸಾಗುವ ಸೆರೆಯಾಳುಗಳ ಸಾಲು, ಎತ್ತಿನ ಗಾಡಿಯ ಮೇಲೆ ಮೂಟೆಗಳ ಜೊತೆ ಕುಳಿತ ಹೆಂಗಸರು, ಮಕ್ಕಳು. ಅಶ್ಶೂರರು ಕೋಟೆಗೆ ಆನಿಸಿ ಕಟ್ಟಿದ ಮುತ್ತಿಗೆಯ ದಿಬ್ಬವನ್ನು ಆ ಸ್ಥಳದಲ್ಲಿ ಈಗಲೂ ಕಾಣಬಹುದು.

ಮುತ್ತಿಗೆಯ ಕಾಲಕ್ಕೆಂದು ಹಿಜ್ಕೀಯನು ನೀರನ್ನು ಪಟ್ಟಣದೊಳಕ್ಕೆ ತಂದ ಸಂಗತಿ 20:20ರಲ್ಲಿದೆ. ಗೀಹೋನ್ ಬುಗ್ಗೆಯಿಂದ ಬಂಡೆಯನ್ನು ಕೊರೆದು ಸಾಗುವ 533 ಮೀಟರ್ ಉದ್ದದ ಸುರಂಗದಲ್ಲಿ ಇಂದಿಗೂ ನೀರಿನಲ್ಲಿ ನಡೆದುಹೋಗಬಹುದು. 1880ರಲ್ಲಿ ಅದರೊಳಗೆ ದೊರೆತ, ಈಗ ಇಸ್ತಾಂಬುಲ್‌ನಲ್ಲಿರುವ ಹೀಬ್ರೂ ಶಾಸನವು ಅರಸನ ಹೆಸರನ್ನೇ ಎತ್ತುವುದಿಲ್ಲ. ಎರಡು ಕಡೆಯಿಂದ ಅಗೆಯುತ್ತ ಬಂದವರು ನಡುವೆ ಮೂರು ಮೊಳ ಉಳಿದಿರುವಾಗ ಬಂಡೆಯಾಚೆಯಿಂದ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಿದ್ದನ್ನು ಅದು ಹೇಳುತ್ತದೆ. ಆ ಸಾಲುಗಳನ್ನು ಮಕ್ಕಳಿಗೆ ಓದಿ ಹೇಳಿ. ರಾಜರ ಪಟ್ಟಿಗಿಂತ ಅದು ಅವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಪ್ರಶ್ನಿಸುವವ

ನಾನು ನಂಬುವವನಲ್ಲ, ಆದರೆ ಮೇಲಿನ ಉತ್ತರದಲ್ಲಿ ಉತ್ಪ್ರೇಕ್ಷೆ ಇಲ್ಲವೆಂದು ಒಪ್ಪುತ್ತೇನೆ. ಹಾಗಿದ್ದರೂ ಅದರಲ್ಲಿ ಬಿಟ್ಟುಹೋದವುಗಳನ್ನು ಆ ಹುಡುಗನಿಗೆ ಹೇಳಬೇಕು. ಬಂಗಾರ ಹೊಂದುತ್ತದೆ, ಬೆಳ್ಳಿ ಹೊಂದುವುದಿಲ್ಲ: ಅರಸುಗಳಲ್ಲಿ 300 ತಲಾಂತು, ಅಶ್ಶೂರದ ದಾಖಲೆಯಲ್ಲಿ 800. ಬೈಬಲಿನ ಪ್ರಕಾರ ಕಪ್ಪ ಮೊದಲು, ಬೆದರಿಕೆ ಆಮೇಲೆ. ಅಶ್ಶೂರದ ಪ್ರಕಾರ ಕಪ್ಪವನ್ನು ನಂತರ ನಿನೆವೆಗೆ ಕಳುಹಿಸಲಾಯಿತು. ಸನ್ಹೇರೀಬನು ಊರಿಗೆ ಮರಳಿದ್ದು ಮತ್ತು ಮಕ್ಕಳ ಕೈಯಲ್ಲಿ ಸತ್ತದ್ದು 19ನೆಯ ಅಧ್ಯಾಯದಲ್ಲಿ ಅಕ್ಕಪಕ್ಕದ ವಚನಗಳಲ್ಲಿವೆ, ಆದರೆ ಅವನು ಕೊಲೆಯಾದದ್ದು ಕ್ರಿ.ಪೂ. 681ರಲ್ಲಿ, ಅಂದರೆ ಇಪ್ಪತ್ತು ವರ್ಷಗಳ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ದೇವದೂತನ ಕೈಯಿಂದ ಒಂದೇ ರಾತ್ರಿಯಲ್ಲಿ ಅಶ್ಶೂರದ ಪಾಳೆಯದ 1,85,000 ಮಂದಿ ಸತ್ತರೆಂಬ ಅದೇ ಅಧ್ಯಾಯದ ಮಾತಿಗೆ ಅಶ್ಶೂರದ ಕಡೆಯಿಂದ ಯಾವ ಬೆಂಬಲವೂ ಇಲ್ಲ. ಸುರಂಗ ಇದೆ ಎಂದ ಮಾತ್ರಕ್ಕೆ ದೇವದೂತ ಬಂದನೆಂದು ಆಗುವುದಿಲ್ಲ.

ಶಾಸನಾಸಕ್ತ

ಕೊನೆಯ ವಾಕ್ಯವನ್ನು ನಾನೂ ಹಾಗೆಯೇ ಒಪ್ಪುತ್ತೇನೆ ಸರ್. ದೇವದೂತನ ಕೈಯನ್ನು ಯಾವ ಉತ್ಖನನವೂ ತೋರಿಸಲಾರದು. ಅದು ವಿಶ್ವಾಸದ ಮಾತು. ಈಜಿಪ್ಟಿನಲ್ಲಿ ಇಲಿಗಳು ಸನ್ಹೇರೀಬನ ಸೈನಿಕರ ಬಿಲ್ಲಿನ ಹೆದೆಗಳನ್ನು ಕಡಿದುಹಾಕಿದವೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದದ್ದನ್ನು ಕೆಲವು ಬೋಧಕರು ಆ ಸೈನಿಕರು ಪ್ಲೇಗಿನಿಂದ ಸತ್ತದ್ದಕ್ಕೆ ಸಾಕ್ಷಿಯೆಂದು ಉಲ್ಲೇಖಿಸುತ್ತಾರೆ. ಆ ದಾರಿಗೆ ಹೋಗದಿರುವುದೇ ಲೇಸು.

ಬೆಳ್ಳಿಯ ವ್ಯತ್ಯಾಸಕ್ಕೆ ತೂಕದ ಅಳತೆ ಬೇರೆ ಇದ್ದಿರಬೇಕೆಂಬಂತಹ ಸಮಾಧಾನಗಳುಂಟು, ನನಗೆ ಅವು ಅಷ್ಟಾಗಿ ಒಪ್ಪಿಗೆಯಾಗಿಲ್ಲ. ಆದರೆ ಒಂದನ್ನೊಂದು ನೋಡಿ ಬರೆದ ಎರಡು ಕಡತಗಳಲ್ಲಿ ಇಂಥ ವ್ಯತ್ಯಾಸ ಉಳಿಯುವುದಿಲ್ಲ. ಇಲ್ಲಿ ಎರಡು ಪಕ್ಷಗಳೂ ತಮ್ಮ ತಮ್ಮ ನೆನಪಿನಿಂದ ಒಂದೇ ಯುದ್ಧವನ್ನು ಹೇಳುತ್ತಿವೆ. ಕೊಲೆಯ ವಿಷಯದಲ್ಲಿ ನಡುವಿನ ಕಾಲವನ್ನು ಸಂಕ್ಷೇಪಿಸಿ ಹೇಳಿರುವುದು ನಿಜ, ಆದರೆ ಸಂಗತಿ ನಿಂತಿದೆ: ಮಗನೇ ಅವನನ್ನು ಕೊಂದನೆಂದು ಬಾಬಿಲೋನಿನ ವೃತ್ತಾಂತವೂ ಹೇಳುತ್ತದೆ.

ಓಲೆಗರಿ

ಗ್ರಂಥಪಾಠದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇದೇ ಪ್ರಸಂಗ ಯೆಶಾಯನ ಗ್ರಂಥದ 36ರಿಂದ 39ನೆಯ ಅಧ್ಯಾಯಗಳಲ್ಲಿ ಮತ್ತೆ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ, ಹಿಜ್ಕೀಯನು "ತಪ್ಪು ಮಾಡಿದೆ" ಎಂದು ಶರಣಾಗಿ, ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನು ಕಿತ್ತುಕೊಟ್ಟ ಮೂರು ವಚನಗಳು (18:14–16) ಯೆಶಾಯನಲ್ಲಿ ಇಲ್ಲ. ಅರಸುಗಳ ಗ್ರಂಥಕರ್ತನಾದರೋ ಅದೇ ಅಧ್ಯಾಯದಲ್ಲಿ ಯೆಹೂದದ ಅರಸರಲ್ಲಿ ಇಂಥವನು ಇನ್ನೊಬ್ಬನಿಲ್ಲ ಎಂದು ಹೊಗಳಿದವನು, ತನ್ನ ನಾಯಕನ ಈ ಅವಮಾನವನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ. ಸನ್ಹೇರೀಬನ ದಾಖಲೆಯ ಬಂಗಾರದ ಲೆಕ್ಕ ಹೊಂದುವುದೂ ಈ ಮುಜುಗರದ ವಚನಗಳಲ್ಲೇ.

ನಮ್ಮ ಕೈಗೆ ಬಂದ ಪಾಠ ಎಷ್ಟು ನಂಬಲರ್ಹ ಎಂಬುದು ಬೇರೆ ಪ್ರಶ್ನೆ. ಪೂರ್ಣ ಹೀಬ್ರೂ ಹಳೆಯ ಒಡಂಬಡಿಕೆಯ ಅತ್ಯಂತ ಹಳೆಯ ಹಸ್ತಪ್ರತಿ ಕ್ರಿ.ಶ. 1008ರ ಸುಮಾರಿನದು. 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು, ಏಳು ಮೀಟರಿಗಿಂತ ಉದ್ದ, ಹೆಚ್ಚುಕಡಿಮೆ ಸಂಪೂರ್ಣ. ಕಾಗುಣಿತದ ಭೇದಗಳು ಮತ್ತು ಪಾಠಾಂತರಗಳು ಬೇಕಾದಷ್ಟಿವೆ. 38ನೆಯ ಅಧ್ಯಾಯದ ಕೊನೆಯ ಎರಡು ವಚನಗಳನ್ನು ಬೇರೊಬ್ಬ ಲಿಪಿಕಾರನು ಅಂಚಿನಲ್ಲಿ ಸೇರಿಸಿರುವುದು ಫೋಟೋದಲ್ಲೇ ಕಾಣುತ್ತದೆ. ಆದರೂ ಮುತ್ತಿಗೆಯ ಕಥೆ ಅದೇ ಕಥೆ. ನಮ್ಮ ಕಾವ್ಯಗಳ ಓಲೆಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಇದು ಎಂಥ ಅಪರೂಪದ ಸ್ಥಿರತೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಡೇ ಸ್ಕೂಲ್ ಶಿಕ್ಷಕಿ

ಮೂವರಿಗೂ ಕೃತಜ್ಞತೆಗಳು. ಆ ಮೂರು ವಚನಗಳನ್ನು ನಾನು ಎಷ್ಟೋ ವರ್ಷಗಳಿಂದ ದಾಟಿಕೊಂಡೇ ಪಾಠ ಮಾಡುತ್ತಿದ್ದೆನೆಂಬುದು ಈಗ ಹೊಳೆಯಿತು. ಮುಂದಿನ ಭಾನುವಾರ ಅವುಗಳಿಂದಲೇ ಆರಂಭಿಸಿ, ಸುರಂಗದ ಶಾಸನವನ್ನು ಓದಿಸುತ್ತೇನೆ. ಬೆಳ್ಳಿಯ ಲೆಕ್ಕ ಹೊಂದುವುದಿಲ್ಲವೆಂಬುದನ್ನೂ ನಾನೇ ಮೊದಲು ಹೇಳಿಬಿಡುತ್ತೇನೆ. ಆ ಹುಡುಗ ಮೊಬೈಲಿನಲ್ಲಿ ಹುಡುಕಿ ತಂದು ಕೇಳುವ ತನಕ ಕಾಯುವುದಿಲ್ಲ.