ಆಷಾಢದಲ್ಲಿ ಬೊಲೊನ್ಯಾಗೆ ಹೋಗಬಹುದೇ?

ಶಿಡ್ಲಘಟ್ಟ ರೀಲರ್:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಈ ವರ್ಷ, ಅಂದರೆ 2026ರಲ್ಲಿ, ನಾನೂ ನನ್ನ ಹೆಂಡತಿಯೂ ಹೋಗಿ ಎರಡು ವಾರ ಇದ್ದು ಬರಬೇಕೆಂದಿದ್ದೇವೆ. ಯಾವ ತಿಂಗಳು ಎಂಬುದು ಮಾತ್ರ ತೀರ್ಮಾನವಾಗುತ್ತಿಲ್ಲ.

ನನ್ನದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಮದುವೆ ಕಾಲದಲ್ಲಿ ಊರು ಬಿಡುವ ಹಾಗಿಲ್ಲ. ವ್ಯಾಪಾರ ಒಂದು ಕಡೆ, ನೆಂಟರ ಮದುವೆಗಳು ಇನ್ನೊಂದು ಕಡೆ. ಒಂದಕ್ಕೆ ಹೋಗದಿದ್ದರೂ ವರ್ಷಗಟ್ಟಲೆ ಮಾತು ಕೇಳಬೇಕು. ಬಾಯ್ಲರ್ ದುರಸ್ತಿಗೆಂದು ಆಷಾಢದಲ್ಲಿ ಹೇಗೂ ಘಟಕ ನಿಲ್ಲಿಸುತ್ತೇನೆ. ಆಗಲೇ ಹೋಗಿಬಿಡೋಣ ಎಂದು ನನ್ನ ಲೆಕ್ಕ. ಮಗಳನ್ನು ಕೇಳಿದರೆ "ಯಾವಾಗ ಬೇಕಾದರೂ ಬನ್ನಿ ಅಪ್ಪ" ಎನ್ನುತ್ತಾಳೆ. ಅದು ಉತ್ತರವೇ ಅಲ್ಲ.

ಹೆಂಡತಿಗೆ ಮಂಡಿ ನೋವು. ಸೋಮವಾರ, ಶನಿವಾರ ಮಾಂಸ ಮುಟ್ಟುವುದಿಲ್ಲ. ಉಳಿದ ದಿನಗಳಲ್ಲೂ ದನ, ಹಂದಿ ಬೇಡ. ಚಳಿ ಇಬ್ಬರಿಗೂ ಆಗದು. ರೋಮು, ಪ್ಯಾರಿಸ್ಸು ಎಂದು ಸುತ್ತುವ ಆಸೆ ಇಲ್ಲ. ಮಗಳಿರುವ ಊರನ್ನು ನೋಡಬೇಕು, ಅವಳ ಜೊತೆ ನಾಲ್ಕು ಹೊತ್ತು ಉಣ್ಣಬೇಕು. ತಿಳಿದವರು ಹೇಳಿ.

ಕೋಲಾರದ ಸಂಚಾರಿ:

ಯೂರೋಪಿಗೆ ಬೇಸಿಗೆಯೇ ಸರಿ ಸರ್. ರಾತ್ರಿ ಎಂಟೂವರೆ, ಒಂಬತ್ತರವರೆಗೂ ಬೆಳಕಿರುತ್ತದೆ, ಸ್ವೆಟರ್ ಹೊರುವ ಕಾಟವಿಲ್ಲ. ನಾವು ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದೆವು, ಹವೆ ಅಮೃತದಂತಿತ್ತು. ಕಣ್ಣು ಮುಚ್ಚಿಕೊಂಡು ಆಷಾಢದಲ್ಲೇ ಹೋಗಿ.

ಮಂಚೇನಹಳ್ಳಿಯವಳು:

ಕೋಲಾರದವರೇ, ಅಣ್ಣನವರನ್ನು ದಯವಿಟ್ಟು ಕಣ್ಣು ಮುಚ್ಚಿಸಿ ಕಳಿಸಬೇಡಿ. ಸ್ವಿಟ್ಜರ್ಲೆಂಡಿನ ಬೆಟ್ಟಗಳ ಆಗಸ್ಟ್ ಬೇರೆ, ಬೊಲೊನ್ಯಾ ಇರುವ ಪೋ ನದಿಯ ಬಯಲಿನ ಆಗಸ್ಟ್ ಬೇರೆ. ನಾನು ಬೊಲೊನ್ಯಾದಲ್ಲೇ ಓದಿದವಳು, ಈಗ ಅಲ್ಲೇ ಪ್ಯಾಕಿಂಗ್ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ.

ಅಣ್ಣಾ, ಮೊದಲು ಪಂಚಾಂಗ ತೆಗೆದು ನೋಡಿ. ಈ ವರ್ಷ ಆಷಾಢ ಬರುವುದೇ ತಡವಾಗಿ, ಜುಲೈ ಮಧ್ಯದಿಂದ ಆಗಸ್ಟ್ 12ರವರೆಗೆ. ಬೊಲೊನ್ಯಾದಲ್ಲಿ ವರ್ಷದ ಅತಿ ಕೆಟ್ಟ ನಾಲ್ಕು ವಾರಗಳನ್ನು ಹೆಕ್ಕಿ ಕೊಡಿ ಎಂದರೆ ನಾನು ಅವನ್ನೇ ಕೊಡುತ್ತೇನೆ. ನಮ್ಮ ಕಡೆ ಆಷಾಢವೆಂದರೆ ಗಾಳಿ, ತುಂತುರು, ಸಂಜೆಗೊಂದು ಶಾಲು. ಅಲ್ಲಿ ಬಿಸಿಲು 35 ಡಿಗ್ರಿ ದಾಟುವ ದಿನಗಳು ಸಾಮಾನ್ಯ. ಸುತ್ತಲಿನ ಬಯಲಲ್ಲಿ ಗಾಳಿಯೇ ಆಡುವುದಿಲ್ಲ, ರಾತ್ರಿಯೂ ಮೈ ಅಂಟಂಟು, ಸೊಳ್ಳೆ ಬೇರೆ. ಹಳೆಯ ಕಟ್ಟಡಗಳ ವಿದ್ಯಾರ್ಥಿ ಕೋಣೆಗಳಲ್ಲಿ ಏಸಿ ಇರುವುದು ಅಪರೂಪ. ಆಗಸ್ಟ್ 15 ಅಲ್ಲಿ 'ಫೆರ್ರಾಗೋಸ್ತೊ' ಹಬ್ಬ. ಅದರ ಆಚೀಚೆ ಊರಿನವರೆಲ್ಲ ಸಮುದ್ರತೀರಕ್ಕೆ ಹೊರಟುಬಿಡುತ್ತಾರೆ. ಮೂಲೆಯ ಬ್ರೆಡ್ ಅಂಗಡಿಯಿಂದ ಹಿಡಿದು ಒಳ್ಳೆಯ ಹೋಟೆಲುಗಳವರೆಗೆ ಬಾಗಿಲು ಹಾಕಿ, ರಜೆಯ ಚೀಟಿ ಅಂಟಿಸಿರುತ್ತಾರೆ. ಮಗಳ ಊರು ನೋಡಬೇಕೆಂದು ಬಂದವರಿಗೆ ಊರೇ ಇರುವುದಿಲ್ಲ.

ಚಳಿಗಾಲ ನಿಮಗೆ ಬೇಡವೆಂದಿರಿ, ಒಳ್ಳೆಯದಾಯಿತು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು. ಮಂಜಂತೂ ನಂದಿ ಬೆಟ್ಟದ ಮಂಜಿನ ಹಾಗೆ ಬಿಸಿಲೇರಿದ ಮೇಲೆ ಕರಗಿ ಹೋಗುವಂಥದ್ದಲ್ಲ, ಒಮ್ಮೆ ಬಯಲ ಮೇಲೆ ಕೂತರೆ ದಿನಗಟ್ಟಲೆ ಏಳುವುದಿಲ್ಲ. ಇನ್ನೊಂದು ವಿಷಯ ಪ್ರವಾಸಿ ಪುಸ್ತಕಗಳಲ್ಲಿ ಸಿಗದು: ಮನೆಗಳ ಹೀಟರ್‌ಗೂ ಅಲ್ಲಿ ಸರ್ಕಾರದ ದಿನಾಂಕವಿದೆ. ಬೊಲೊನ್ಯಾ ಇರುವ ವಲಯದಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮಾತ್ರ ಹಚ್ಚಬಹುದು. ಏಪ್ರಿಲ್ ಕೊನೆಯಲ್ಲಿ ಥಂಡಿ ತಿರುಗಿ ಬಂದರೆ ಕಂಬಳಿಯೇ ಗತಿ.

ಸೆಪ್ಟೆಂಬರ್ ಚೆನ್ನ, ಆದರೆ ಕೊನೆಯ ವಾರದ ಹೊತ್ತಿಗೆ ಸೆರಾಮಿಕ್ ಟೈಲ್ಸ್‌ನ ಜಾಗತಿಕ ಮೇಳ 'ಚೆರ್ಸಾಯೆ' ಬರುತ್ತದೆ. ಬೊಲೊನ್ಯಾದಲ್ಲಿ ಕೋಣೆಯ ಬಾಡಿಗೆ ಏರಿಳಿಯುವುದು ಪ್ರವಾಸಿಗರಿಗಿಂತ ಮೇಳಗಳಿಂದ. ಮಾರ್ಚ್‌ನಲ್ಲಿ ಸೌಂದರ್ಯವರ್ಧಕಗಳ ಮೇಳ, ವಸಂತದಲ್ಲಿ ಮಕ್ಕಳ ಪುಸ್ತಕ ಮೇಳ. ಆ ದಿನಗಳಲ್ಲಿ ಸಾಧಾರಣ ಕೋಣೆಗೂ ದುಪ್ಪಟ್ಟು ಹೇಳುತ್ತಾರೆ, ಅದೂ ಸಿಕ್ಕರೆ. ಯಾವ ತಿಂಗಳು ಹೋದರೂ ಮೇಳಗಳ ಪಟ್ಟಿ ನೋಡದೆ ಹೋಟೆಲ್ ಕಾದಿರಿಸಬೇಡಿ. ಅಕ್ಟೋಬರ್, ನವೆಂಬರ್ ಮಳೆಗಾಲ. 2024ರ ಅಕ್ಟೋಬರ್‌ನಲ್ಲಿ ರಾವೊನೆ ಎಂಬ ಹಳ್ಳ ಉಕ್ಕಿ ನಗರದ ಬೀದಿಗಳಿಗೇ ನೀರು ನುಗ್ಗಿತ್ತು.

ನನ್ನನ್ನು ಕೇಳಿದರೆ ಮೇ ತಿಂಗಳ ಎರಡನೇ ಅರ್ಧ.

ಶಿಡ್ಲಘಟ್ಟ ರೀಲರ್:

ತಂಗೀ, ಇಷ್ಟು ವಿವರ ಬರೆದದ್ದಕ್ಕೆ ಸಂತೋಷ. ಆದರೆ ಮೇ ಎಂದರೆ ಮದುವೆಗಳ ಸುಗ್ಗಿ. ಅದನ್ನೇ ಅಲ್ಲವೇ ನಾನು ಮೊದಲೇ ಹೇಳಿದ್ದು?

ಮಂಚೇನಹಳ್ಳಿಯವಳು:

ಪಂಚಾಂಗ ನೋಡಿ ಎಂದಿದ್ದೆ, ನೋಡಲಿಲ್ಲ ನೀವು. ಈ ವರ್ಷ ಜ್ಯೇಷ್ಠ ಅಧಿಕ ಮಾಸ. ಮೇ 17ರಿಂದ ಜೂನ್ 15ರವರೆಗೆ. ಅಧಿಕ ಮಾಸದಲ್ಲಿ ಯಾವ ನೆಂಟರು ಮದುವೆ ಇಟ್ಟುಕೊಳ್ಳುತ್ತಾರೆ? ಆಷಾಢ ತಡವಾಗಿರುವುದೂ ಅದರಿಂದಲೇ. ಬಾಯ್ಲರ್ ದುರಸ್ತಿಯನ್ನು ಎರಡು ತಿಂಗಳು ಮೊದಲೇ ಮಾಡಿಸಿ, ಅಷ್ಟೇ ಕೆಲಸ. (ಅಳಿಯನಿದ್ದರೆ ಅಧಿಕ ಮಾಸದ ಬಾಗಿನದ ಖರ್ಚು ಬೇರೆ ಇರುತ್ತಿತ್ತು. ಮಗಳು ಇನ್ನೂ ಓದುತ್ತಿದ್ದಾಳೆ, ಉಳಿತಾಯ.)

ಮಗಳ ಕಡೆಯಿಂದಲೂ ಯೋಚಿಸಿ. ಅವಳು 'ಯಾವಾಗ ಬೇಕಾದರೂ' ಎನ್ನುವುದು ನಿಮಗೆ ಬೇಸರವಾಗಬಾರದೆಂದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಮುಗಿಯುವುದು ಮೇ ಕೊನೆಗೋ ಜೂನ್ ಮೊದಲಿಗೋ, ಆಮೇಲೆ ಜೂನ್, ಜುಲೈ ಪರೀಕ್ಷೆ. ಬಹಳಷ್ಟು ಪರೀಕ್ಷೆಗಳು ಮೌಖಿಕ. ಪ್ರೊಫೆಸರ್ ಎದುರು ಕೂತು ಉತ್ತರ ಹೇಳಬೇಕು. ಆ ವಾರಗಳಲ್ಲಿ ಅಪ್ಪ, ಅಮ್ಮ ಪಕ್ಕದ ಕೋಣೆಯಲ್ಲಿದ್ದರೆ ಅವಳ ಪಾಡು ನನಗೆ ಗೊತ್ತು. ಮೇ 18, 20ರ ಸುಮಾರಿಗೆ ಇಳಿದು ಜೂನ್ ಮೊದಲ ವಾರ ಹಿಂದಿರುಗಿದರೆ ಅವಳಿಗೂ ಸಂಜೆಗಳು ಬಿಡುವಾಗಿರುತ್ತವೆ. ಬಿಸಿಲು 25ರ ಆಸುಪಾಸು. ಮಳೆ ಬರುವುದೇ ಇಲ್ಲ ಎಂದಲ್ಲ. 2023ರ ಮೇ ತಿಂಗಳಲ್ಲಿ ಆ ಪ್ರಾಂತ್ಯದ ಹಲವು ಊರುಗಳು ಪ್ರವಾಹಕ್ಕೆ ಸಿಕ್ಕಿದ್ದವು. ಆದರೆ ಸಾಧಾರಣ ಮಳೆ ಬಂದರೆ ಬೊಲೊನ್ಯಾದಲ್ಲಿ ಕೊಡೆ ಬಿಚ್ಚುವ ಅಗತ್ಯವೂ ಕಡಿಮೆ. ಊರಿಡೀ ಕಂಬಗಳ ಮೇಲೆ ಚಾಚಿದ ಮನೆಗಳ ಕೆಳಗೆ ಕಾಲುದಾರಿ, 'ಪೋರ್ತಿಕೊ' ಎನ್ನುತ್ತಾರೆ. ಒಟ್ಟು 62 ಕಿಲೋಮೀಟರ್, 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅಕ್ಕನವರ ಮಂಡಿಗೆ ಸಪಾಟು ಊರು ಅನುಕೂಲ. ಬೆಟ್ಟದ ಮೇಲಿನ ಸಾನ್ ಲೂಕಾ ಗುಡಿಗೆ ಮಾತ್ರ 666 ಕಮಾನುಗಳ ದಾರಿ, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್, ಕೊನೆಯ ಭಾಗ ಏರು. ನೀವು ನಡೆಯಿರಿ, ಅವರನ್ನು ದೊಡ್ಡ ಚೌಕದಿಂದ ಹೊರಡುವ ಪುಟ್ಟ ಪ್ರವಾಸಿ ಬಂಡಿಯಲ್ಲಿ ಕಳಿಸಿ. ಅಸಿನೆಲ್ಲಿ ಗೋಪುರ ಹತ್ತುವ ಆಸೆ ಇಟ್ಟುಕೊಳ್ಳಬೇಡಿ. ಪಕ್ಕದ ಗಾರಿಸೆಂಡಾ ಗೋಪುರದ ವಾಲು ಆತಂಕ ತಂದಿದ್ದರಿಂದ 2023ರ ಅಕ್ಟೋಬರ್‌ನಲ್ಲಿ ಸುತ್ತ ಬೇಲಿ ಹಾಕಿ, ಇದನ್ನೂ ಮುಚ್ಚಿದರು.

ಈಗ ನಿಮಗೆಂದೇ ಒಂದು ಜಾಗ. ಕೈಗಾರಿಕಾ ಪರಂಪರೆಯ ವಸ್ತುಸಂಗ್ರಹಾಲಯ, ನಾವಿಲೆ ಕಾಲುವೆಯ ದಂಡೆಯ ಹಳೆಯ ಇಟ್ಟಿಗೆ ಗೂಡಿನಲ್ಲಿದೆ. ಬೊಲೊನ್ಯಾ ಒಂದು ಕಾಲಕ್ಕೆ ರೇಷ್ಮೆಯ ಊರು. ಕಾಲುವೆ ನೀರನ್ನು ಮನೆಗಳ ನೆಲಮಾಳಿಗೆಗೆ ಹರಿಸಿ, ನೀರಿನ ಚಕ್ರದಿಂದ ನೂಲಿಗೆ ಹುರಿ ಹಾಕುವ ದೊಡ್ಡ ಯಂತ್ರಗಳನ್ನು ಓಡಿಸುತ್ತಿದ್ದರು. ಆ ಯಂತ್ರದ ಗುಟ್ಟು ಹೊರಗೆ ಹೋಗದಂತೆ ಎಷ್ಟು ಕಾವಲೆಂದರೆ, ಅದನ್ನು ಬೇರೆ ಊರಿಗೆ ಒಯ್ದವನಿಗೆ ಮರಣದಂಡನೆ. ಅದರ ಅರ್ಧ ಅಳತೆಯ, ನಿಜವಾಗಿ ತಿರುಗುವ ಮಾದರಿ ಅಲ್ಲಿದೆ. ನಾನು ನೋಡಿದಾಗ ಪಕ್ಕದಲ್ಲಿದ್ದವರೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದು ಮುಂದೆ ಹೋದರು. ನೀವು ಅರ್ಧ ದಿನ ನಿಲ್ಲುತ್ತೀರಿ, ನೂಲು ಎಲ್ಲಿ ಹರಿಯುತ್ತದೆ ಎಂದು ಕೇಳುತ್ತೀರಿ, ಮಗಳು ಅನುವಾದಿಸಿ ಸುಸ್ತಾಗುತ್ತಾಳೆ. ವಾರದಲ್ಲಿ ಯಾವ ದಿನ ತೆರೆದಿರುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ಕಾಲುವೆಗಳನ್ನು ಬಹುಪಾಲು ಮುಚ್ಚಿಬಿಟ್ಟಿದ್ದಾರೆ. ಪಿಯೆಲ್ಲಾ ಬೀದಿಯ ಗೋಡೆಯಲ್ಲೊಂದು ಕಿರುಕಿಟಕಿ ಇದೆ, ಅದನ್ನು ತೆರೆದರೆ ಒಂದು ತುಣುಕು ಕಾಣುತ್ತದೆ.

ಊಟದ ವಿಷಯದಲ್ಲಿ ಬೊಲೊನ್ಯಾ ಮಾಂಸದ ಊರು, ಅದರಲ್ಲೂ ಹಂದಿ. ಅಲ್ಲಿ ಹೂರಣ ತುಂಬಿದ ಪಾಸ್ತಾ ಎರಡು ಬಗೆ: ತೊರ್ತೆಲ್ಲಿನಿ ಎಂಬ ಚಿಕ್ಕದರೊಳಗೆ ಹಂದಿಮಾಂಸ, ತೊರ್ತೆಲ್ಲೊನಿ ಎಂಬ ದೊಡ್ಡದರೊಳಗೆ ಸಾಮಾನ್ಯವಾಗಿ ರಿಕೊತ್ತಾ ಗಿಣ್ಣು. ಒಂದಕ್ಷರದ ವ್ಯತ್ಯಾಸ, ಅಕ್ಕನವರಿಗೆ ಬಾಯಿಪಾಠ ಮಾಡಿಸಿ. ಮೇ ಕೊನೆಗೆ ಅಲ್ತೇದೊ ಊರಿನ ಹಸಿರು ಶತಾವರಿ ಇನ್ನೂ ಸಿಗುತ್ತಿರುತ್ತದೆ, ವಿನ್ಯೋಲಾದ ಚೆರ್ರಿ ಹಣ್ಣು ಶುರುವಾಗುತ್ತದೆ. ಸೋಮವಾರ, ಶನಿವಾರ ದಾಟಿಸಬಹುದು.

ಚಿಂತಾಮಣಿ ಮೇಷ್ಟ್ರು:

ನನ್ನ ಮಗ ಮಿಲಾನಿನಲ್ಲಿದ್ದಾನೆ, ಹೀಗಾಗಿ ವೀಸಾ ಬಗ್ಗೆ ಎರಡು ಮಾತು. ಇಟಲಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ನಿಯಮದಂತೆ 15 ದಿನದಲ್ಲಿ ತೀರ್ಮಾನ, ಕೆಲವೊಮ್ಮೆ 45 ದಿನ. ಶುಲ್ಕ ತಲಾ 90 ಯೂರೊ, ಸೇವಾ ಕೇಂದ್ರದವರದು ಬೇರೆ. 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಮೇ ತಿಂಗಳಿಗೆ ಹೋಗುವವರು ಏಪ್ರಿಲ್‌ವರೆಗೆ ಕಾಯಬಾರದು, ಶಾಲಾ ರಜೆಯ ನೂಕುನುಗ್ಗಲಿನಲ್ಲಿ ಬೆಂಗಳೂರಿನಲ್ಲಿ ಭೇಟಿಯ ದಿನವೇ ಸಿಗುವುದಿಲ್ಲ. ಮಗಳಿಂದ ಆಹ್ವಾನ ಪತ್ರ, ಅವಳ ವಾಸದ ಪರವಾನಗಿಯ ಪ್ರತಿ ತರಿಸಿಕೊಳ್ಳಿ. ಅವಳ ಕೋಣೆಯಲ್ಲೇ ತಂಗುವುದಾದರೆ ನೀವು ಬಂದ 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವ ನಿಯಮವಿದೆ. ಹೋಟೆಲಾದರೆ ಅವರೇ ನೋಡಿಕೊಳ್ಳುತ್ತಾರೆ.

ಶಿಡ್ಲಘಟ್ಟ ರೀಲರ್:

ಮೇಷ್ಟ್ರೇ, ತಂಗೀ, ಇಬ್ಬರಿಗೂ ನಮಸ್ಕಾರ. ಬಾಯ್ಲರ್ ಮೇಸ್ತ್ರಿಗೆ ಈಗಷ್ಟೇ ಫೋನ್ ಮಾಡಿದೆ, ಮೇ ಕೊನೆಗೆ ಬರುತ್ತಾನಂತೆ. ಕೀಲಿಕೈ ತಮ್ಮನ ಕೈಗೆ. ಹೆಂಡತಿಯ ಒಂದು ಪ್ರಶ್ನೆ: ಮಗಳಿಗೆ ಮನೆಯ ತುಪ್ಪ, ಕೋವಾ, ರಾಗಿ ಹಿಟ್ಟು ಒಯ್ಯಬಹುದೇ?

ಮಂಚೇನಹಳ್ಳಿಯವಳು:

ಹಾಲಿನ ಪದಾರ್ಥ, ಮಾಂಸ ಎರಡನ್ನೂ ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ. ತುಪ್ಪ, ಕೋವಾ ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ರಾಗಿ ಹಿಟ್ಟು ಧಾರಾಳವಾಗಿ ತನ್ನಿ. ನನಗೂ ಎರಡು ಕಿಲೋ.