ತೂಕದ ಮೆಷಿನ್ ರೀಡಿಂಗ್ ಲ್ಯಾಬ್‌ವ್ಯೂನಲ್ಲಿ ತುಂಡು ತುಂಡಾಗಿ ಬರ್ತಿದೆ

ಯಗಚಿ_ತೀರ: ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ತೂಕದ ಇಂಡಿಕೇಟರ್‌ನಿಂದ (ತೂಕ ತೋರಿಸೋ ಡಬ್ಬಿ) ಆರ್‌ಎಸ್-232 ಸೀರಿಯಲ್ ಕೇಬಲ್, ಅಲ್ಲಿಂದ ಯುಎಸ್‌ಬಿ ಕನ್ವರ್ಟರ್, ಕಂಪ್ಯೂಟರ್‌ನಲ್ಲಿ ಲ್ಯಾಬ್‌ವ್ಯೂ (ಚಿತ್ರ ಜೋಡಿಸಿ ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್). ವೇಗ ಸೆಕೆಂಡಿಗೆ 9600 ಬಿಟ್, ಡೇಟಾ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್. ಮೂಟೆ ಇಟ್ಟರೆ ಒಂದ್ಸಲ "50.2", ಮರುಸಲ "0 ಕೆಜಿ". ಪೋರ್ಟಿಂದ ಓದೋ ವೀಸಾ ರೀಡ್‌ಗೆ, ಎಷ್ಟು ಓದಬೇಕು ಅಂತ ಹೇಳೋಕೆ, ಬೈಟ್ಸ್ ಅಟ್ ಪೋರ್ಟ್ ಜೋಡಿಸಿದೆ. ಯಾಕೆ ಹೀಗೆ?

ಬಾಡ್‌ರೇಟ್ ಭಟ್ರು: ಬೈಟ್ಸ್ ಅಟ್ ಪೋರ್ಟ್ ಅಂದ್ರೆ ಆ ಕ್ಷಣಕ್ಕೆ ಬಂದಿರೋದು ಎಷ್ಟೋ ಅಷ್ಟೇ. 9600ರಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಸುಮಾರು 1.04 ಮಿಲಿಸೆಕೆಂಡ್. 16 ಅಕ್ಷರದ ಸಾಲಿಗೆ 17 ಮಿಲಿಸೆಕೆಂಡ್ ಬೇಕು. ನೀವು ನಡುವೆಯೇ ಕೈ ಹಾಕ್ತಿದ್ದೀರಿ. ಆ ಬೈಟ್ಸ್ ಅಟ್ ಪೋರ್ಟ್ ಪ್ರಾಪರ್ಟಿ ನೋಡ್ ಕಿತ್ತು ಬಿಸಾಕಿ. ಬೈಟ್ ಕೌಂಟ್‌ಗೆ 100 ಕೊಡಿ, ಕಾನ್ಫಿಗರ್ ಸೀರಿಯಲ್ ಪೋರ್ಟ್‌ನಲ್ಲಿ ಟರ್ಮಿನೇಷನ್ ಕ್ಯಾರೆಕ್ಟರ್ (ಸಾಲು ಮುಗಿದ ಗುರುತು) ಆನ್ ಇರಲಿ. ಸಾಲು ಮುಗಿದ ಕೂಡಲೇ ರೀಡ್ ತಾನೇ ವಾಪಸ್ ಬರುತ್ತೆ.

ಇಂಡಿಕೇಟರ್ ರಿಪೇರಿ: "ತಾನೇ ವಾಪಸ್ ಬರುತ್ತೆ" ಅಂತೆ! ಆ ಗುರುತು ಡಿಫಾಲ್ಟ್ ಇರೋದು 10, ಅಂದ್ರೆ ಲೈನ್ ಫೀಡ್. ಕೆಲವು ಇಂಡಿಕೇಟರ್ ಬರೀ ಕ್ಯಾರೇಜ್ ರಿಟರ್ನ್ (13) ಕಳಿಸಿ ಸುಮ್ಮನಾಗ್ತವೆ. ಕೇಳಿದಾಗ ಮಾತ್ರ ಕಳಿಸೋ ಮಾಡೆಲ್ ಆದ್ರೆ 10 ಸೆಕೆಂಡ್ ಕಾದು ಎರರ್ -1073807339, ಟೈಮ್‌ಔಟ್. ಓದೋ ಮುಂಚೆ 100 ಮಿಲಿಸೆಕೆಂಡ್ ವೇಟ್ ಹಾಕಿದ್ರೆ ಮುಗೀತು.

ಬಾಡ್‌ರೇಟ್ ಭಟ್ರು: "ಮುಗೀತು" ಅಲ್ಲ, ಅಲ್ಲಿಂದ ಶುರು. ಬಿಡದೆ ಕಳಿಸೋ ಮೆಷಿನ್ ಆದ್ರೆ 100 ಮಿಲಿಸೆಕೆಂಡಲ್ಲಿ ಐದಾರು ಸಾಲು ಬಂದಿರುತ್ತೆ, ಕೊನೇದು ಅರ್ಧ. ಸ್ಟ್ರಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ಹೆಕ್ಸ್ ಡಿಸ್‌ಪ್ಲೇ (ಹದಿನಾರರ ಲೆಕ್ಕದ ಸಂಕೇತ) ನೋಡಿ. ಸಾಲಿನ ಕೊನೆಗೆ 0ಡಿ (ಕ್ಯಾರೇಜ್ ರಿಟರ್ನ್) ಮಾತ್ರ ಇದ್ರೆ 13 ಕೊಡಿ. 0ಡಿ 0ಎ (ಜೊತೆಗೆ ಲೈನ್ ಫೀಡ್) ಇದ್ರೆ 10 ಹಾಗೇ ಇರಲಿ. ಕನ್ವರ್ಟರ್ ಚೈನಾದ್ದಾದ್ರೆ ಅದನ್ನೂ ಒಂದ್ಸಲ ನೋಡ್ಕೊಳ್ಳಿ.

ಮೂಡಿಗೆರೆ ಮಾರಾಯ: "ಚೈನಾದ್ದಾದ್ರೆ" ಅಂದ್ರೆ ಎಂತ ಮಾರಾಯ್ರೆ? 9600ಕ್ಕೆ ಚೈನಾದ ಸಿಎಚ್340 ಚಿಪ್ ಇರೋ ಕನ್ವರ್ಟರ್ ಧಾರಾಳ ಸಾಕು.

ಹೊಯ್ಸಳ_ವೈರಿಂಗ್: ಎಂತ ಸಾಕು? ಸಿಎಚ್340ನಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೇ ಇರಲ್ಲ. ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದ್ರೆ ಪೋರ್ಟ್ ಹೆಸರು ಕಾಮ್4 ಹೋಗಿ ಕಾಮ್7 ಆಗುತ್ತೆ, ವಿಐ (ಲ್ಯಾಬ್‌ವ್ಯೂ ಪ್ರೋಗ್ರಾಂ) ಹಳೇದನ್ನೇ ಹುಡುಕ್ತಾ ಕೂರುತ್ತೆ. ಎಫ್‌ಟಿಡಿಐ ಕಂಪನಿ ಚಿಪ್ ಇರೋದು ತಗೊಳ್ಳಿ.

ಮೂಡಿಗೆರೆ ಮಾರಾಯ: ಆಹಾ, ಎಫ್‌ಟಿಡಿಐ! 2014ರಲ್ಲಿ ಡ್ರೈವರ್ ಅಪ್‌ಡೇಟ್ ಬಿಟ್ಟು ನಕಲಿ ಚಿಪ್‌ಗಳ ಪಿಐಡಿ (ಚಿಪ್ ಯಾವುದು ಅಂತ ಕಂಪ್ಯೂಟರ್‌ಗೆ ಹೇಳೋ ನಂಬರ್) ಸೊನ್ನೆ ಮಾಡಿ ಕೂರಿಸಿದ್ದು ಅದೇ ಕಂಪನಿ ಅಲ್ವಾ?

ಹೊಯ್ಸಳ_ವೈರಿಂಗ್: "ನಕಲಿ" ಅಂತ ನೀವೇ ಹೇಳ್ತಿದ್ದೀರಿ. ಅಸಲಿಗೆ ಏನಾಯ್ತು ಹೇಳಿ?

ಮೂಡಿಗೆರೆ ಮಾರಾಯ: ಪೇಟೆಲಿ ಸಿಗೋದರ ಮೇಲೆ ಅಸಲಿ ಅಂತ ಹಣೇಲಿ ಬರೆದಿರ್ತದಾ? ಅಸಲಿಯಲ್ಲೂ ಲೇಟೆನ್ಸಿ ಟೈಮರ್ ಡಿಫಾಲ್ಟ್ 16 ಮಿಲಿಸೆಕೆಂಡ್. ಅಷ್ಟು ಹೊತ್ತು ಕೂಡಿಟ್ಟು ಗಂಟು ಗಂಟಾಗಿ ಕೊಡ್ತದೆ. ಇವರ ತುಂಡಿಗೆ ಅದೂ ಕಾರಣ ಆಗ್ಬಹುದು.

ಹೊಯ್ಸಳ_ವೈರಿಂಗ್: "ಆಗ್ಬಹುದು" ಅಂತ ಏನು ಬೇಕಾದ್ರೂ ಹೇಳಬಹುದು! ಡಿವೈಸ್ ಮ್ಯಾನೇಜರ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಲೇಟೆನ್ಸಿ 1 ಮಾಡಿ. ನಿಮ್ಮದರಲ್ಲಿ ಆ ಆಪ್ಷನ್ ತೋರ್ಸಿ ನೋಡೋಣ.

ಬಾಡ್‌ರೇಟ್ ಭಟ್ರು: ಟರ್ಮಿನೇಷನ್ ಸರಿ ಇದ್ರೆ ಲೇಟೆನ್ಸಿ 16 ಇದ್ರೇನು 1 ಇದ್ರೇನು, ಸಾಲು ಪೂರ್ತಿಯೇ ಬರುತ್ತೆ. ಕೇಳಿದವರ ಕಡೆ ಯಾರಾದ್ರೂ ನೋಡ್ತೀರಾ?

ಯಗಚಿ_ತೀರ: ಕೊನೆಗೆ 0ಡಿ ಮಾತ್ರ ಇತ್ತು. 13 ಕೊಟ್ಟ ಮೇಲೆ ಸಾಲು ಪೂರ್ತಿ ಬರ್ತಿದೆ. ಆದ್ರೆ ಮೂಟೆ ಇಳಿಸಿದ ಮೇಲೂ 50.20 ತೋರಿಸ್ತಾನೇ ಇರುತ್ತೆ. ಲೂಪಲ್ಲಿ 500 ಮಿಲಿಸೆಕೆಂಡ್ ವೇಟ್ ಇದೆ.

ಇಂಡಿಕೇಟರ್ ರಿಪೇರಿ: ನನ್ನ ವೇಟ್ ಬೇಡ ಅಂದ್ರಲ್ಲ, ಈಗ ಬಫರ್ (ಬಂದದ್ದು ಓದೋವರೆಗೆ ಕೂರೋ ಜಾಗ) ತುಂಬಾ ಹಳೇ ತೂಕ!

ಬಾಡ್‌ರೇಟ್ ಭಟ್ರು: ನೀವು ಹೇಳಿದ್ದೂ ವೇಟೇ, ಬಫರ್ ತುಂಬಿಸಿದ್ದೂ ವೇಟೇ. ಮೆಷಿನ್ ಕಳಿಸೋದಕ್ಕಿಂತ ನಿಧಾನ ಓದಿದ್ರೆ ಹಿಂದಿನದು ಸಾಲಾಗಿ ನಿಂತಿರುತ್ತೆ. ವೇಟ್ ತೆಗೀರಿ, ರೀಡ್ ಸಾಲಿಗೆ ಕಾಯುತ್ತೆ, ಸಿಪಿಯುಗೆ ಭಾರ ಇಲ್ಲ. ನಿಧಾನವೇ ಬೇಕಂದ್ರೆ ಪ್ರತಿ ಸಲ ರಿಸೀವ್ ಬಫರ್ ಫ್ಲಶ್ ಮಾಡಿ, ಮೊದಲ ಸಾಲು ಅರ್ಧ ಇರಬಹುದು, ಬಿಟ್ಟು ಎರಡನೇದು ತಗೊಳ್ಳಿ. ಕಾನ್ಫಿಗರ್, ಕ್ಲೋಸ್ ಎರಡೂ ಲೂಪಿನ ಹೊರಗಿರಲಿ.

ಮೂಡಿಗೆರೆ ಮಾರಾಯ: ಇಷ್ಟರಲ್ಲಿ ಕನ್ವರ್ಟರ್ ತಪ್ಪು ಎಲ್ಲಿ ಬಂತು?

ಹೊಯ್ಸಳ_ವೈರಿಂಗ್: ನಾಳೆ ಕಾಮ್ ನಂಬರ್ ಬದಲಾದಾಗ ಬರುತ್ತೆ, ಕಾಯ್ತಾ ಇರಿ.